ಗಂಡ-ಹೆಂಡತಿ ಬೇರೆಯಾಗಿ ವಾಸಿಸುತ್ತಿರುವಾಗ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವುದು: ಸಮಗ್ರ ಮಾರ್ಗದರ್ಶಿ

ಭಾರತದಲ್ಲಿ ದಂಪತಿ ಸೇರಿ ಒಂದೇ ರಿಟರ್ನ್ಸ್ ಸಲ್ಲಿಸುವ ಕ್ರಮವಿಲ್ಲ. ಗಂಡನಿಗೆ ಗಂಡನ ಪ್ಯಾನ್, ಹೆಂಡತಿಗೆ ಹೆಂಡತಿಯ ಪ್ಯಾನ್, ಇಬ್ಬರಿಗೂ ಬೇರೆ ಬೇರೆ ಲೆಕ್ಕ. ಹಾಗಾಗಿ ಮನೆ ಬೇರೆಯಾದರೂ ತೆರಿಗೆಯ ವಿಷಯದಲ್ಲಿ ಏನೂ ಬದಲಾಗುವುದಿಲ್ಲ ಎಂದು ಹಲವರು ನಂಬಿರುತ್ತಾರೆ. ಸಂಬಳವೊಂದೇ ಆದಾಯವಾಗಿದ್ದು, ಮಕ್ಕಳಿಲ್ಲದೆ, ಜಂಟಿ ಆಸ್ತಿಯೂ ಇಲ್ಲದಿದ್ದರೆ ಆ ನಂಬಿಕೆ ಸರಿಯೇ. ಆದರೆ ಮದುವೆಯಾಗಿ ಕೆಲವು ವರ್ಷ ಕಳೆದವರಲ್ಲಿ ಜಂಟಿ ಖಾತೆ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಇಟ್ಟ ಠೇವಣಿ, ಇಬ್ಬರೂ ಸೇರಿ ತೆಗೆದ ಗೃಹಸಾಲ, ಮಗುವಿನ ಹೆಸರಿನ ಉಳಿತಾಯ, ಈಗ ಹೊಸದಾಗಿ ಸೇರಿಕೊಂಡ ಜೀವನಾಂಶ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇವೆಲ್ಲದರ ಮೇಲಿನ ತೆರಿಗೆಯನ್ನು ಕಾನೂನು ಮೂರು ಸಂಗತಿಗಳನ್ನು ನೋಡಿ ನಿರ್ಧರಿಸುತ್ತದೆ: ಮದುವೆ ಕಾನೂನಿನ ಪ್ರಕಾರ ಇನ್ನೂ ಉಳಿದಿದೆಯೇ, ಬೇರೆಯಾಗಿ ಬಾಳುವ ಬಗ್ಗೆ ಒಪ್ಪಂದವೊಂದು ಆಗಿದೆಯೇ, ಮತ್ತು ಹಣ ನಿಜವಾಗಿ ಯಾರ ಕೈಯಿಂದ ಬಂದಿದೆ. ಒಂದೇ ಸೂರಿನಡಿ ಇಲ್ಲ ಎಂಬುದಷ್ಟಕ್ಕೇ ಅದು ಬೆಲೆ ಕೊಡುವುದಿಲ್ಲ.

ಮುಂದೆ ಹೇಳುವ ಸೆಕ್ಷನ್‌ಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಮಾರ್ಚ್ 31ರವರೆಗೆ ಗಳಿಸಿದ ಆದಾಯಕ್ಕೆ ಅದೇ ಅನ್ವಯ. 2026ರ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ 2025ರ ಹೊಸ ಕಾಯ್ದೆ ಬಂದಿದೆ. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆಯಾಗಿದ್ದರೂ ಸಂಗಾತಿಯ ಮತ್ತು ಅಪ್ರಾಪ್ತ ಮಕ್ಕಳ ಆದಾಯವನ್ನು ಸೇರಿಸುವ ಮೂಲ ನಿಯಮಗಳು ಮುಂದುವರಿದಿವೆ.

ಮೊದಲ ಹೆಜ್ಜೆ: ನಿಮ್ಮ ಪೋರ್ಟಲ್ ಖಾತೆ ನಿಮ್ಮ ಕೈಯಲ್ಲಿದೆಯೇ?

ಲೆಕ್ಕಕ್ಕಿಂತ ಮೊದಲು ಇದನ್ನು ಹೇಳಲೇಬೇಕು. ಬಹಳಷ್ಟು ಮನೆಗಳಲ್ಲಿ ಇಬ್ಬರ ರಿಟರ್ನ್ಸ್‌ಗಳನ್ನೂ ಒಬ್ಬರೇ ನೋಡಿಕೊಳ್ಳುತ್ತಿರುತ್ತಾರೆ, ಇಲ್ಲವೇ ಮನೆಗೊಬ್ಬರು ಆಡಿಟರ್ ಇರುತ್ತಾರೆ. ಹೆಂಡತಿಯ ಇ-ಫೈಲಿಂಗ್ ಖಾತೆಯಲ್ಲಿ ಗಂಡನ ಮೊಬೈಲ್ ಸಂಖ್ಯೆ, ಗಂಡನ ಇಮೇಲ್ ಇರುವುದು ತೀರಾ ಸಾಮಾನ್ಯ. ಅಂಥ ಸಂದರ್ಭದಲ್ಲಿ ಇಲಾಖೆಯ ನೋಟಿಸ್ ನಿಮಗೆ ತಲುಪುವುದೇ ಇಲ್ಲ. ಉತ್ತರ ಕೊಡಬೇಕಾದ ಅವಧಿ ಮಾತ್ರ ನಿಮ್ಮ ಲೆಕ್ಕದಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಪೋರ್ಟಲ್‌ಗೆ ಹೋಗಿ ಪ್ಯಾನ್ ಹಾಕಿ ಲಾಗಿನ್ ಆಗಿರಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿ ಮೂಲಕ ಅಥವಾ ನಿಮ್ಮ ನೆಟ್ ಬ್ಯಾಂಕಿಂಗ್ ಮೂಲಕ ಹೊಸದನ್ನು ಹಾಕಿಕೊಳ್ಳಬಹುದು. ಆಧಾರ್‌ಗೂ ಸಂಗಾತಿಯ ಸಂಖ್ಯೆಯೇ ಜೋಡಣೆಯಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಬದಲಿಸಿ, ಏಕೆಂದರೆ ಕೊನೆಯಲ್ಲಿ ರಿಟರ್ನ್ಸ್ ದೃಢೀಕರಿಸಲು ಅದೇ ಓಟಿಪಿ ಬೇಕಾಗುತ್ತದೆ. ಒಳಗೆ ಹೋದ ಮೇಲೆ ‘ಮೈ ಪ್ರೊಫೈಲ್’ ವಿಭಾಗದಲ್ಲಿ ಮೊಬೈಲ್, ಇಮೇಲ್ ಮತ್ತು ವಿಳಾಸವನ್ನು ನಿಮ್ಮದಾಗಿಸಿ. ಮರುಪಾವತಿಗೆ ನೋಂದಾಯಿಸಿದ ಬ್ಯಾಂಕ್ ಖಾತೆ ಯಾವುದೆಂದು ನೋಡಿ. ಅದು ಜಂಟಿ ಖಾತೆಯಾಗಿದ್ದರೆ ನಿಮ್ಮೊಬ್ಬರದೇ ಹೆಸರಿನ ಖಾತೆಯನ್ನು ದೃಢೀಕರಿಸಿ, ಅದನ್ನೇ ಮರುಪಾವತಿಗೆ ಆರಿಸಿಕೊಳ್ಳಿ. ನಿಮ್ಮ ಪರವಾಗಿ ವ್ಯವಹರಿಸಲು ಯಾರಿಗಾದರೂ ಅಧಿಕಾರ ಕೊಡಲಾಗಿದೆಯೇ, ಯಾವ ಲೆಕ್ಕ ಪರಿಶೋಧಕರ ಹೆಸರು ಸೇರಿಸಲಾಗಿದೆ ಎಂಬುದನ್ನೂ ಪರಿಶೀಲಿಸಿ. ‘ಇ-ಫೈಲಿಂಗ್ ವಾಲ್ಟ್’ ಎಂಬ ಹೆಚ್ಚುವರಿ ಭದ್ರತೆಯ ಸೌಲಭ್ಯವನ್ನು ಆನ್ ಮಾಡಿದರೆ ಪಾಸ್‌ವರ್ಡ್ ಮಾತ್ರ ಗೊತ್ತಿರುವವರು ಒಳಗೆ ಬರಲಾಗುವುದಿಲ್ಲ.

ಒಂದೇ ಆಡಿಟರ್ ಬಳಿ ಇಬ್ಬರೂ ಮುಂದುವರಿಯುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯದಲ್ಲ. ಅವರು ಎಷ್ಟೇ ಪ್ರಾಮಾಣಿಕರಾದರೂ, ಒಬ್ಬರ ಕಾಗದ ಇನ್ನೊಬ್ಬರ ವಕೀಲರ ಕೈ ಸೇರಿತೇನೋ ಎಂಬ ಅನುಮಾನ ಇಬ್ಬರನ್ನೂ ಕಾಡುತ್ತದೆ.

ಎರಡನೆಯ ಹೆಜ್ಜೆ: ಕಾನೂನಿನ ಕಣ್ಣಿನಲ್ಲಿ ನೀವು ಎಲ್ಲಿದ್ದೀರಿ?

ಕೌಟುಂಬಿಕ ನ್ಯಾಯಾಲಯ ವಿಚ್ಛೇದನದ ಡಿಕ್ರಿ ನೀಡಿದ ದಿನದವರೆಗೂ ಮದುವೆ ಉಳಿದಿರುತ್ತದೆ. ತವರಿಗೆ ಬಂದು ಐದು ವರ್ಷವಾಗಿದ್ದರೂ, ಅರ್ಜಿ ಹಾಕಿ ಎರಡು ವರ್ಷವಾಗಿದ್ದರೂ, ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 10ರಡಿ ನ್ಯಾಯಾಂಗ ಪ್ರತ್ಯೇಕತೆಯ ಆದೇಶವೇ ಸಿಕ್ಕಿದ್ದರೂ, ತೆರಿಗೆ ಕಾಯ್ದೆಯ ಮಟ್ಟಿಗೆ ನೀವಿಬ್ಬರೂ ಇನ್ನೂ ಪತಿ-ಪತ್ನಿಯರೇ. ಆದರೆ ಅದೇ ಕಾಯ್ದೆ ಒಂದು ಮಹತ್ವದ ಬಾಗಿಲನ್ನು ತೆರೆದಿಟ್ಟಿದೆ: ‘ಬೇರೆಯಾಗಿ ಬಾಳುವ ಒಪ್ಪಂದಕ್ಕೆ ಸಂಬಂಧಿಸಿ’ ಆದ ಆಸ್ತಿ ವರ್ಗಾವಣೆಯನ್ನು ಅದು ಮಾಮೂಲಿ ದಂಪತಿಯ ನಡುವಿನ ಉಡುಗೊರೆಯಂತೆ ನೋಡುವುದಿಲ್ಲ.

ಹೀಗಾಗಿ ನಿಮ್ಮ ಸ್ಥಿತಿ ಮೂರರಲ್ಲೊಂದು. ಬರೀ ಬೇರೆ ವಾಸ, ಕಾಗದವೇನೂ ಇಲ್ಲ. ಅಥವಾ ಬೇರೆ ವಾಸದ ಜೊತೆಗೆ ಲಿಖಿತ ಒಪ್ಪಂದವಿದೆ, ಮಧ್ಯಸ್ಥಿಕೆ ಕೇಂದ್ರದಲ್ಲಿ ಆದ ರಾಜಿಪತ್ರವೂ ಇದರಲ್ಲಿ ಸೇರಬಹುದು. ಅಥವಾ ಡಿಕ್ರಿ ಬಂದಿದೆ. ಬೇರೆಯಾದ ದಿನಾಂಕ, ಒಪ್ಪಂದದ ದಿನಾಂಕ, ಡಿಕ್ರಿಯ ದಿನಾಂಕ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಆ ಹಾಳೆಯನ್ನು ನೋಡಬೇಕಾಗುತ್ತದೆ.

ಒಪ್ಪಂದ ಇನ್ನೂ ಆಗಿಲ್ಲದಿದ್ದು, ಆಸ್ತಿಯೋ ಹಣವೋ ಕೈ ಬದಲಾಗಬೇಕಾಗಿದ್ದರೆ, ವರ್ಗಾವಣೆಗೆ ಮೊದಲು ಒಪ್ಪಂದವನ್ನು ಬರವಣಿಗೆಗೆ ಇಳಿಸಿ. ಛಾಪಾ ಕಾಗದದ ಮೇಲೆ, ಯಾವ ದಿನದಿಂದ ಬೇರೆಯಾಗಿದ್ದೀರಿ, ಬೇರೆಯಾಗಿ ಬಾಳಲು ಇಬ್ಬರೂ ಒಪ್ಪಿದ್ದೀರಿ, ಅದರ ಭಾಗವಾಗಿ ಇಂಥಿಂಥ ಆಸ್ತಿ, ಇಷ್ಟು ಮೊತ್ತ ವರ್ಗಾವಣೆಯಾಗುತ್ತಿದೆ ಎಂದು ಸ್ಪಷ್ಟವಾಗಿ ಬರೆಸಿ, ಇಬ್ಬರೂ ಸಹಿ ಹಾಕಿ, ಸಾಕ್ಷಿಗಳ ಸಹಿಯನ್ನೂ ಪಡೆಯಿರಿ. ಮನೆ, ನಿವೇಶನಗಳ ವಿಷಯದಲ್ಲಿ ಈ ಕಾಗದವೊಂದೇ ಸಾಲದು, ನೋಂದಣಿ ಬೇಕು. ನೋಂದಾಯಿತ ಪತ್ರದಲ್ಲೂ ಈ ಒಪ್ಪಂದದ ಪ್ರಸ್ತಾಪ ಬರುವಂತೆ ನೋಡಿಕೊಳ್ಳಿ. ಬಾಯಿಮಾತಿನ ಒಪ್ಪಂದವನ್ನು ನಾಲ್ಕು ವರ್ಷದ ನಂತರ ತೆರಿಗೆ ಅಧಿಕಾರಿಯ ಮುಂದೆ ಸಾಬೀತುಪಡಿಸುವುದು ಕಷ್ಟ, ಅದರಲ್ಲೂ ಎದುರು ಪಕ್ಷ ಮಾತು ಬಿಟ್ಟಿರುವಾಗ.

ಮೂರನೆಯ ಹೆಜ್ಜೆ: ಇಲಾಖೆಗೆ ಈಗಾಗಲೇ ಏನು ಗೊತ್ತಿದೆ ಎಂದು ನೋಡುವುದು

ಪೋರ್ಟಲ್‌ನಿಂದ ಫಾರ್ಮ್ 26ಎಎಸ್ (ನಿಮ್ಮ ಪ್ಯಾನ್‌ನಲ್ಲಿ ಹಿಡಿದ ತೆರಿಗೆಯ ಪಟ್ಟಿ) ಮತ್ತು ವಾರ್ಷಿಕ ಮಾಹಿತಿ ವಿವರಣೆ, ಅಂದರೆ ಎಐಎಸ್, ಎರಡನ್ನೂ ಇಳಿಸಿಕೊಳ್ಳಿ. ನಿಮ್ಮ ಪ್ಯಾನ್ ಮೇಲೆ ಬ್ಯಾಂಕುಗಳು, ಮ್ಯೂಚುವಲ್ ಫಂಡ್‌ಗಳು, ಉಪನೋಂದಣಾಧಿಕಾರಿ ಕಚೇರಿಗಳು ಕಳುಹಿಸಿದ ಮಾಹಿತಿ ಅಲ್ಲಿರುತ್ತದೆ. ಬೇರೆಯಾದವರಿಗೆ ಈ ಕಾಗದ ಇನ್ನೊಂದು ಕಾರಣಕ್ಕೂ ಮುಖ್ಯ: ನಿಮ್ಮ ಹೆಸರಿನಲ್ಲಿ ನಿಮಗೇ ತಿಳಿಯದ ಠೇವಣಿ, ಷೇರು ವಹಿವಾಟು ಇದ್ದರೆ ಮೊದಲು ಕಾಣುವುದು ಇಲ್ಲಿಯೇ. ಹಿಂದಿನ ವರ್ಷಗಳ ಎಐಎಸ್ ಕೂಡ ನೋಡಿ. ತೋರಿಸದೆ ಬಿಟ್ಟ ಆದಾಯ ನಿಜವಾಗಿಯೂ ನಿಮ್ಮದೇ ಆಗಿದ್ದರೆ ಪರಿಷ್ಕೃತ ರಿಟರ್ನ್ಸ್‌ನ ಅವಧಿ ಮುಗಿದ ಮೇಲೂ, ಹೆಚ್ಚುವರಿ ತೆರಿಗೆ ಕಟ್ಟಿ ನವೀಕರಿಸಿದ ರಿಟರ್ನ್ಸ್ ಸಲ್ಲಿಸಲು ಸಂಬಂಧಿಸಿದ ಕರನಿರ್ಧಾರಣಾ ವರ್ಷ (ಆದಾಯ ಗಳಿಸಿದ ಹಣಕಾಸು ವರ್ಷದ ಮುಂದಿನ ವರ್ಷ) ಮುಗಿದ ನಂತರ 48 ತಿಂಗಳವರೆಗೆ ಅವಕಾಶವಿದೆ.

ಜಂಟಿ ಖಾತೆಯ ಬಡ್ಡಿ ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್‌ನಲ್ಲಿ ಬಂದು ಕೂರುತ್ತದೆ. ಬ್ಯಾಂಕು ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್ ಕೂಡ ಅವರ ಲೆಕ್ಕಕ್ಕೇ. ಆದರೆ ತೆರಿಗೆ ಕಟ್ಟಬೇಕಾದವರು ಹಣ ಹಾಕಿದವರು, ಮೊದಲ ಹೆಸರಿನವರಲ್ಲ. ಇಬ್ಬರೂ ಹಾಕಿದ್ದರೆ ಹಾಕಿದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ನಿಮ್ಮದಲ್ಲದ ಬಡ್ಡಿ ನಿಮ್ಮ ಎಐಎಸ್‌ನಲ್ಲಿ ಕಂಡರೆ ಆ ಸಾಲಿನ ಎದುರಿಗಿರುವ ‘ಫೀಡ್‌ಬ್ಯಾಕ್’ ಒತ್ತಿ, ಈ ಮಾಹಿತಿ ಬೇರೆ ಪ್ಯಾನ್‌ಗೆ ಸಂಬಂಧಿಸಿದ್ದು ಎಂಬ ಆಯ್ಕೆಯನ್ನು ಆರಿಸಬೇಕು. ಬೇರೆಯಾದ ಮೇಲೂ ಜಂಟಿ ಖಾತೆ ಉಳಿಸಿಕೊಂಡರೆ ಪ್ರತಿ ವರ್ಷ ಈ ತಲೆನೋವು ಮರುಕಳಿಸುತ್ತದೆ. ಸಾಲದ ಕಂತಿಗೆ ಬೇಕಾದ ಖಾತೆಯೊಂದನ್ನು ಬಿಟ್ಟು ಉಳಿದವನ್ನು ಮುಚ್ಚುವುದೇ ಲೇಸು.

ನಾಲ್ಕನೆಯ ಹೆಜ್ಜೆ: ಹಳೆಯ ಉಡುಗೊರೆಗಳ ಲೆಕ್ಕ

ಬೇರೆಯಾದವರ ರಿಟರ್ನ್ಸ್‌ನಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ. ಸಂಗಾತಿಗೆ ತಕ್ಕ ಪ್ರತಿಫಲವಿಲ್ಲದೆ ಕೊಟ್ಟ ಆಸ್ತಿಯಿಂದ ಬರುವ ಆದಾಯವನ್ನು ಕೊಟ್ಟವರ ಆದಾಯಕ್ಕೇ ಸೇರಿಸಬೇಕು ಎನ್ನುತ್ತದೆ ಸೆಕ್ಷನ್ 64. ಆಡಿಟರ್‌ಗಳು ಇದನ್ನು ಕ್ಲಬ್ಬಿಂಗ್ ಎನ್ನುತ್ತಾರೆ. ಈ ನಿಯಮ ಅನ್ವಯಿಸಬೇಕಾದರೆ ಆಸ್ತಿ ಕೊಟ್ಟ ದಿನವೂ, ಆದಾಯ ಹುಟ್ಟಿದ ದಿನವೂ ಗಂಡ-ಹೆಂಡಿರ ಸಂಬಂಧ ಇರಲೇಬೇಕೆಂದು ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2022ರಲ್ಲಿ, ಒಟ್ಟಿಗಿದ್ದಾಗ, ಗಂಡ ತನ್ನ ಸಂಬಳದ 10 ಲಕ್ಷ ರೂಪಾಯಿಯನ್ನು ಹೆಂಡತಿಯ ಹೆಸರಿನಲ್ಲಿ ಶೇ 7ರ ಬಡ್ಡಿಗೆ ಠೇವಣಿ ಇಟ್ಟಿದ್ದಾನೆ ಎಂದುಕೊಳ್ಳಿ. 2024ರಲ್ಲಿ ಇಬ್ಬರೂ ಬೇರೆಯಾದರು. ಠೇವಣಿ ಹೆಂಡತಿಯ ಬಳಿಯೇ ಉಳಿಯಿತು, ಒಪ್ಪಂದ ಯಾವುದೂ ಆಗಲಿಲ್ಲ. ಈಗ ವರ್ಷಕ್ಕೆ ಬರುವ 70,000 ರೂಪಾಯಿ ಬಡ್ಡಿ ಹೆಂಡತಿಯ ಕೈ ಸೇರುತ್ತಿದ್ದರೂ, ಡಿಕ್ರಿ ಬರುವವರೆಗೆ ಅದನ್ನು ತೋರಿಸಿ ತೆರಿಗೆ ಕಟ್ಟಬೇಕಾದವನು ಗಂಡ. ಆ ಬಡ್ಡಿಯನ್ನು ಅವಳು ಮತ್ತೆ ಠೇವಣಿ ಇಟ್ಟು 4,900 ರೂಪಾಯಿ ಗಳಿಸಿದರೆ ಅದು ಮಾತ್ರ ಅವಳದೇ ಆದಾಯ. ಬಡ್ಡಿಯ ಮೇಲಿನ ಬಡ್ಡಿಗೆ ಕ್ಲಬ್ಬಿಂಗ್ ಇಲ್ಲ. ಬ್ಯಾಂಕು ಅವಳ ಪ್ಯಾನ್‌ನಲ್ಲಿ ಹಿಡಿದ ಟಿಡಿಎಸ್ ಅನ್ನು ನಿಯಮ 37ಬಿಎ ಪ್ರಕಾರ ಅವನ ಲೆಕ್ಕಕ್ಕೆ ದಾಟಿಸಲು ಅವಳ ರಿಟರ್ನ್ಸ್‌ನ ಟಿಡಿಎಸ್ ಷೆಡ್ಯೂಲ್‌ನಲ್ಲಿ ಅಂಕಣವಿದೆ. ಅಲ್ಲಿ ಅವನ ಪ್ಯಾನ್ ನಮೂದಿಸಬೇಕು.

ಇದೇ 10 ಲಕ್ಷವನ್ನು ಅವನು 2024ರಲ್ಲಿ, ಬೇರೆಯಾಗಿ ಬಾಳುವ ಒಪ್ಪಂದದ ಭಾಗವಾಗಿ ಕೊಟ್ಟಿದ್ದರೆ ಮೊದಲ ದಿನದ ಬಡ್ಡಿಯಿಂದಲೇ ಅದು ಅವಳ ಆದಾಯ. ಅವಳಿಗೆ ಬೇರೆ ಆದಾಯ ಕಡಿಮೆಯಿದ್ದರೆ ತೆರಿಗೆಯೇ ಬಾರದಿರಬಹುದು. ಎರಡು ಪುಟದ ಒಂದು ಕಾಗದ ಇಷ್ಟು ವ್ಯತ್ಯಾಸ ಮಾಡುತ್ತದೆ.

ಮನೆಗೂ ಇದೇ ನ್ಯಾಯ. ಹೆಂಡತಿಗೆ ಪ್ರತಿಫಲವಿಲ್ಲದೆ ಕೊಟ್ಟ ಮನೆಗೆ ತೆರಿಗೆಯ ಮಟ್ಟಿಗೆ ಗಂಡನೇ ಮಾಲೀಕನೆಂದು ಸೆಕ್ಷನ್ 27 ಭಾವಿಸುತ್ತದೆ, ಬಾಡಿಗೆಯನ್ನು ಅವನೇ ತೋರಿಸಬೇಕು. ಬೇರೆಯಾಗಿ ಬಾಳುವ ಒಪ್ಪಂದಕ್ಕೆ ಸಂಬಂಧಿಸಿ ಕೊಟ್ಟಿದ್ದರೆ ಹಾಗಿಲ್ಲ.

ಆದಾಯ ಪಡೆಯುತ್ತಿರುವವರು ನಿಶ್ಚಿಂತರಾಗಿ ಇರಬಾರದು ಎಂದೂ ಹೇಳಬೇಕು. ಹೀಗೆ ಸೇರಿಸಿದ ಆದಾಯಕ್ಕೆ ತಗಲುವ ತೆರಿಗೆಯ ಭಾಗವನ್ನು, ಬೇಡಿಕೆಯ ನೋಟಿಸ್ ಕೊಟ್ಟು, ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರಿಂದಲೇ ವಸೂಲು ಮಾಡುವ ಅಧಿಕಾರ ಸೆಕ್ಷನ್ 65ರಡಿ ಇಲಾಖೆಗಿದೆ. ಗಂಡ ತೋರಿಸದೆ ಬಿಟ್ಟಿದ್ದರೆ ಹೆಂಡತಿಗೆ ನೋಟಿಸ್ ಬರುವ ಸಾಧ್ಯತೆ ಕಾಗದದ ಮೇಲಷ್ಟೇ ಇರುವ ಮಾತಲ್ಲ. ಹಾಗಾಗಿ ಬಡ್ಡಿಯ ಮೊತ್ತ, ಟಿಡಿಎಸ್ ಮೊತ್ತ, ಠೇವಣಿಯ ಮೂಲ ಇಷ್ಟನ್ನು ತಿಳಿಸುವ ಚಿಕ್ಕ ಇಮೇಲ್ ಒಂದನ್ನು ಜೂನ್ ಹೊತ್ತಿಗೆ ಇನ್ನೊಬ್ಬರಿಗೆ ಕಳುಹಿಸಿ, ಅದರ ಪ್ರತಿ ಇಟ್ಟುಕೊಳ್ಳಿ. ನೇರ ಮಾತು ಸಾಧ್ಯವಿಲ್ಲದಿದ್ದರೆ ವಕೀಲರ ಮೂಲಕ ಕಳುಹಿಸಿ. ಜಗಳದ ಮಾತು ಅದರಲ್ಲಿ ಒಂದೂ ಇರಬಾರದು, ಅಂಕಿಗಳಷ್ಟೇ ಸಾಕು.

ತವರಿನವರು ಕೊಟ್ಟ ಹಣ, ಒಡವೆ, ನಿವೇಶನ ಸ್ತ್ರೀಧನ. ಅದರ ಆದಾಯಕ್ಕೂ ಗಂಡನಿಗೂ ಸಂಬಂಧವಿಲ್ಲ. ಆದರೆ ಹಣ ತವರಿನಿಂದ ಬಂದದ್ದೆಂದು ತೋರಿಸುವ ಬ್ಯಾಂಕ್ ವಿವರ ಅಥವಾ ದಾನಪತ್ರ ನಿಮ್ಮ ಬಳಿ ಇರಬೇಕು. ಗಂಡ ಅಥವಾ ಹೆಂಡತಿ ಶೇ 20 ಅಥವಾ ಹೆಚ್ಚು ಪಾಲು ಹೊಂದಿರುವ ಸಂಸ್ಥೆಯಿಂದ, ಯಾವುದೇ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿಲ್ಲದೆ ಇನ್ನೊಬ್ಬರು ಸಂಬಳ ಪಡೆಯುತ್ತಿದ್ದರೆ ಆ ಸಂಬಳವೂ ಡಿಕ್ರಿಯವರೆಗೆ ಕ್ಲಬ್ಬಿಂಗ್‌ಗೆ ಒಳಪಡುತ್ತದೆ.

ಐದನೆಯ ಹೆಜ್ಜೆ: ಮಕ್ಕಳ ಹೆಸರಿನ ಆದಾಯ

ಹದಿನೆಂಟು ತುಂಬದ ಮಗುವಿನ ಹೆಸರಿನಲ್ಲಿರುವ ಠೇವಣಿಯ ಬಡ್ಡಿ ಯಾರ ಲೆಕ್ಕಕ್ಕೆ? ಮದುವೆ ಉಳಿದಿರುವವರೆಗೆ, ತಂದೆ-ತಾಯಿಯರಲ್ಲಿ ಯಾರ ಒಟ್ಟು ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ. ಮದುವೆ ಉಳಿದಿಲ್ಲದಿದ್ದರೆ, ಆ ವರ್ಷ ಮಗುವನ್ನು ಸಾಕಿದವರ ಲೆಕ್ಕಕ್ಕೆ. ಮಗು ತಾಯಿಯ ಬಳಿಯೇ ಇದ್ದು, ಶಾಲೆ, ಔಷಧಿ, ಊಟ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದರೂ, ತಂದೆಯ ಆದಾಯ 18 ಲಕ್ಷ, ಅವಳದು 9 ಲಕ್ಷ ಇದ್ದರೆ, ಡಿಕ್ರಿ ಬರುವವರೆಗೆ ಮಗುವಿನ ಬಡ್ಡಿ ತಂದೆಯ ರಿಟರ್ನ್ಸ್‌ಗೇ ಹೋಗಬೇಕು. ಮಗುವನ್ನು ಯಾರು ಸಾಕುತ್ತಿದ್ದಾರೆ ಎಂಬ ಪ್ರಶ್ನೆ ತೆರಿಗೆಯಲ್ಲಿ ಏಳುವುದು ಡಿಕ್ರಿಯ ನಂತರವೇ. ಸಾಕುವ ತಾಯಂದಿರಿಗೆ ಇದು ಅನ್ಯಾಯವೆನಿಸುವುದು ಸಹಜ. ಆದರೆ ಕಡಿಮೆ ಆದಾಯದವರ ಮೇಲೆ ತೆರಿಗೆಯ ಹೊರೆ ಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಹಳೆಯ ತೆರಿಗೆ ಪದ್ಧತಿಯಲ್ಲಿ (ಇದರಲ್ಲಿ ಕಡಿತ-ವಿನಾಯಿತಿಗಳು ಹೆಚ್ಚು; ದರ ಕಡಿಮೆಯಿದ್ದು ಕಡಿತಗಳೂ ಕಡಿಮೆಯಿರುವುದು ಹೊಸ ಪದ್ಧತಿ) ಹೀಗೆ ಸೇರಿಸಿದ ಆದಾಯದಲ್ಲಿ ಮಗುವೊಂದಕ್ಕೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ ಉಂಟು, ಹೊಸ ಪದ್ಧತಿಯಲ್ಲಿ ಇಲ್ಲ. ಸುಕನ್ಯಾ ಸಮೃದ್ಧಿ ಮತ್ತು ಪಿಪಿಎಫ್ ಬಡ್ಡಿ ಹೇಗೂ ತೆರಿಗೆಮುಕ್ತ. ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು, ಹಾಗೆಯೇ ಸೆಕ್ಷನ್ 80ಯು ಹೇಳುವ ಅಂಗವೈಕಲ್ಯವಿರುವ ಮಗುವಿನ ಆದಾಯ ಈ ನಿಯಮಕ್ಕೆ ಒಳಪಡುವುದಿಲ್ಲ. ಒಂದು ಸಲ ಒಬ್ಬರ ಲೆಕ್ಕಕ್ಕೆ ಸೇರಿಸಿದ ಮೇಲೆ ಮರುವರ್ಷ ಸುಮ್ಮನೆ ಇನ್ನೊಬ್ಬರ ಲೆಕ್ಕಕ್ಕೆ ಬದಲಿಸಲು ಬರುವುದಿಲ್ಲ, ಅಧಿಕಾರಿಗೆ ಅದು ಅಗತ್ಯವೆಂದು ಮನವರಿಕೆಯಾಗಬೇಕು.

ಶಾಲೆಯ ಬೋಧನಾ ಶುಲ್ಕಕ್ಕೆ ಹಳೆಯ ಪದ್ಧತಿಯ ಸೆಕ್ಷನ್ 80ಸಿ ಕಡಿತ (ತೆರಿಗೆ ಬೀಳುವ ಆದಾಯದಿಂದ ಕಳೆಯುವ ಮೊತ್ತ) ಸಿಗುವುದು ಕಟ್ಟಿದವರಿಗೆ. ಅರ್ಧರ್ಧ ಕಟ್ಟಿದ್ದರೆ ಇಬ್ಬರೂ ತಮ್ಮ ತಮ್ಮ ಪಾಲನ್ನು ತೋರಿಸಬಹುದು. ಶಾಲೆಯಲ್ಲಿ ರಸೀದಿಯನ್ನು ಕಟ್ಟಿದವರ ಹೆಸರಿಗೇ ಕೇಳಿ ಪಡೆಯಿರಿ.

ಆರನೆಯ ಹೆಜ್ಜೆ: ಜೀವನಾಂಶ

ಕೊಡುವವರ ವಿಷಯ ಮೊದಲು, ಏಕೆಂದರೆ ಅದು ಸರಳ ಮತ್ತು ಕಠಿಣ. ಕೊಟ್ಟ ಜೀವನಾಂಶಕ್ಕೆ ಯಾವ ಕಡಿತವೂ ಇಲ್ಲ, ಹಳೆಯ ಪದ್ಧತಿಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಹೆಂಡತಿ-ಮಕ್ಕಳಿಗೆ ಡಿಕ್ರಿಯಂತೆ ಕೊಡುವ ಹಣವನ್ನು ಆದಾಯದಿಂದ ಕಳೆಯಬೇಕೆಂಬ ವಾದ ಸೀತಲ್‌ದಾಸ್ ತೀರಥ್‌ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅದು ಗಳಿಸಿದ ಆದಾಯವನ್ನು ಖರ್ಚು ಮಾಡುವ ರೀತಿಯೇ ಹೊರತು, ಕೈಗೆ ಬರುವ ಮುನ್ನವೇ ಬೇರೆಯವರ ಪಾಲಾದ ಆದಾಯವಲ್ಲ ಎಂದು ನ್ಯಾಯಾಲಯ 1960ರಲ್ಲಿ ತೀರ್ಮಾನಿಸಿತು. ನ್ಯಾಯಾಲಯದ ಆದೇಶದಂತೆ ಕಂಪನಿಯೇ ಸಂಬಳದಿಂದ ಹಣ ಹಿಡಿದು ಹೆಂಡತಿಗೆ ಕಳುಹಿಸುತ್ತಿದ್ದರೂ ಕಂಪನಿ ಕೊಡುವ ಸಂಬಳ-ತೆರಿಗೆಯ ವಿವರಪತ್ರವಾದ ಫಾರ್ಮ್ 16ರಲ್ಲಿ ಪೂರ್ತಿ ಸಂಬಳವೇ ಇರುತ್ತದೆ, ತೆರಿಗೆಯೂ ಪೂರ್ತಿ ಸಂಬಳದ ಮೇಲೆಯೇ. ಜೀವನಾಂಶದ ಮೊತ್ತವನ್ನು ಮಾತುಕತೆಯಲ್ಲಿ ನಿಗದಿಪಡಿಸುವಾಗ ತೆರಿಗೆ ಕಳೆದು ಕೈಗೆ ಸಿಗುವ ಸಂಬಳವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಪಡೆಯುವವರ ವಿಷಯ ಎರಡು ಕವಲಾಗುತ್ತದೆ. ವಿಚ್ಛೇದನದ ವೇಳೆ ಒಂದೇ ಸಲ, ಶಾಶ್ವತ ಜೀವನಾಂಶವಾಗಿ ಬರುವ ಇಡಿಗಂಟು ಬಂಡವಾಳ ಸ್ವರೂಪದ್ದು, ಅದರ ಮೇಲೆ ಆದಾಯ ತೆರಿಗೆಯಿಲ್ಲ. ತಿಂಗಳು ತಿಂಗಳು ಬರುವುದು ಆದಾಯದ ಸ್ವರೂಪದ್ದು, ಅದಕ್ಕೆ ತೆರಿಗೆಯುಂಟು. ಈ ಗೆರೆಯನ್ನು ಎಳೆದದ್ದು ಬಾಂಬೆ ಹೈಕೋರ್ಟ್, ಪ್ರತಾಪಗಢದ ರಾಜಮನೆತನದ ಮಹೇಶ್ವರಿ ದೇವಿ ಅವರ ಪ್ರಕರಣದಲ್ಲಿ. ಇಂದಿಗೂ ಆಡಿಟರ್‌ಗಳು ಅದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಇಡಿಗಂಟಿಗೆ ತೆರಿಗೆಯಿಲ್ಲದಿದ್ದರೂ ಅದನ್ನು ಠೇವಣಿ ಇಟ್ಟ ಮೇಲೆ ಬರುವ ಬಡ್ಡಿ ಪಡೆದವರದೇ ಆದಾಯ.

ಡಿಕ್ರಿಗೆ ಮೊದಲು ಬರುವ ಮಧ್ಯಂತರ ಜೀವನಾಂಶದ ಬಗ್ಗೆ ವೃತ್ತಿಯಲ್ಲಿರುವವರಲ್ಲೇ ಎರಡು ಅಭಿಪ್ರಾಯಗಳಿವೆ. ಮದುವೆ ಉಳಿದಿರುವಾಗ ಗಂಡ ಕಾನೂನಿನಂತೆ ಸಂಬಂಧಿ, ಸಂಬಂಧಿಯಿಂದ ಬಂದ ಹಣಕ್ಕೆ ತೆರಿಗೆಯಿಲ್ಲ ಎನ್ನುವುದು ಒಂದು. ಆದೇಶದಂತೆ ನಿಯಮಿತವಾಗಿ ಬರುವುದು ಆದಾಯವೇ ಎನ್ನುವುದು ಇನ್ನೊಂದು. ಹೊಸ ಪದ್ಧತಿಯಲ್ಲಿ ಬಹುತೇಕರಿಗೆ ಈ ವಾದದಿಂದ ಆಗುವ ವ್ಯತ್ಯಾಸ ಅಲ್ಪ ಎಂಬುದು ನನ್ನ ಅನಿಸಿಕೆ. 2025-26ರ ಲೆಕ್ಕ ನೋಡಿ. ಬೇರೆ ಆದಾಯವಿಲ್ಲದ ಮಹಿಳೆಗೆ ತಿಂಗಳಿಗೆ 40,000 ರೂಪಾಯಿಯಂತೆ ವರ್ಷಕ್ಕೆ 4,80,000 ಬಂದರೆ, 4 ಲಕ್ಷದ ಮಿತಿ ದಾಟಿದ್ದರಿಂದ ರಿಟರ್ನ್ಸ್ ಸಲ್ಲಿಸಬೇಕು, ಆದರೆ ಸೆಕ್ಷನ್ 87ಎ ರಿಬೇಟ್‌ನಿಂದ (12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ತೆರಿಗೆ ರಿಯಾಯಿತಿ) ತೆರಿಗೆ ಶೂನ್ಯ. 7,50,000 ಸಂಬಳದ ಜೊತೆ 3,60,000 ಜೀವನಾಂಶ ಬರುವವರಿಗೂ 75,000 ಪ್ರಮಾಣಿತ ಕಡಿತ ಹೋಗಿ 10,35,000 ಉಳಿಯುತ್ತದೆ. ಅದು 12 ಲಕ್ಷದೊಳಗೆ ಇರುವುದರಿಂದ ಅಲ್ಲೂ ತೆರಿಗೆಯಿಲ್ಲ. ಇಂಥವರು ‘ಇತರ ಮೂಲಗಳ ಆದಾಯ’ದಡಿ ತೋರಿಸಿಬಿಟ್ಟರೆ ಮನಸ್ಸಿಗೂ ನೆಮ್ಮದಿ, ಮುಂದೆ ಸಾಲ ಅಥವಾ ವೀಸಾ ಕೇಳುವಾಗ ಆದಾಯದ ದಾಖಲೆಯೂ ಆಗುತ್ತದೆ. ಷೇರು, ನಿವೇಶನಗಳ ಮಾರಾಟದ ಲಾಭದಂತಹ ವಿಶೇಷ ದರದ ಆದಾಯಕ್ಕೆ ಹೊಸ ಪದ್ಧತಿಯ ಈ ರಿಬೇಟ್ ಸಿಗುವುದಿಲ್ಲ ಎಂಬುದು ನೆನಪಿರಲಿ. ಮೊತ್ತ ದೊಡ್ಡದಿದ್ದು ತೆರಿಗೆ ಬರುವಂತಿದ್ದರೆ ಆದೇಶದ ಪ್ರತಿಯನ್ನು ಆಡಿಟರ್‌ಗೆ ತೋರಿಸಿ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ.

ಜೀವನಾಂಶಕ್ಕೆ ಟಿಡಿಎಸ್ ಹಿಡಿಯುವವರು ಯಾರೂ ಇಲ್ಲ. ಹಾಗಾಗಿ ವರ್ಷದ ಬಾಕಿ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗುವಂತಿದ್ದರೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15ರ ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಕೆಲಸದಲ್ಲಿರುವವರು ಈ ಆದಾಯವನ್ನು ಕಂಪನಿಗೆ ತಿಳಿಸಿ ಸಂಬಳದಲ್ಲೇ ಹಿಡಿಸಬಹುದು. ಆದರೆ ಮನೆಯ ವಿಷಯ ಕಚೇರಿಯಲ್ಲಿ ತಿಳಿಯುವುದು ಬೇಡವೆನಿಸಿದರೆ ಮುಂಗಡ ತೆರಿಗೆಯೇ ಸರಿ.

ಆದೇಶ ಅಥವಾ ರಾಜಿಪತ್ರ ಬರೆಸುವಾಗ ಹೆಂಡತಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಬಿಡಿಸಿ ಬರೆಸಿ. ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆದರೆ ಮಗುವಿಗೆಂದು ತಂದೆ ಕೊಟ್ಟ ಭಾಗವನ್ನು ಆಮೇಲೆ ಬೇರ್ಪಡಿಸಿ ತೋರಿಸಲು ಆಧಾರವೇ ಇರುವುದಿಲ್ಲ. ಹಣ ಬ್ಯಾಂಕ್ ಮೂಲಕವೇ ಬರಲಿ.

ವರ್ಗಾವಣೆಯ ಸಮಯಕ್ಕೂ ಮಹತ್ವವಿದೆ. ಸಂಗಾತಿಯಿಂದ ಬಂದ ಉಡುಗೊರೆಗೆ ಸೆಕ್ಷನ್ 56ರಡಿ ತೆರಿಗೆಯಿಲ್ಲ. ಡಿಕ್ರಿಯ ನಂತರ ಮಾಜಿ ಸಂಗಾತಿ ‘ಸಂಬಂಧಿ’ಗಳ ಪಟ್ಟಿಯಲ್ಲಿ ಇರುವುದಿಲ್ಲ. ಡಿಕ್ರಿಯಲ್ಲಿ ಹೇಳದ ಹಣವನ್ನು ಅವರು ಪ್ರೀತಿಯಿಂದಲೋ ಪಶ್ಚಾತ್ತಾಪದಿಂದಲೋ ಕೊಟ್ಟರೆ, ವರ್ಷದಲ್ಲಿ ಅಂಥ ಉಡುಗೊರೆಗಳ ಒಟ್ಟು ಮೊತ್ತ 50,000 ರೂಪಾಯಿ ದಾಟಿದಾಗ ಪೂರ್ತಿ ಮೊತ್ತಕ್ಕೆ ತೆರಿಗೆ ಬೀಳಬಹುದು. ಆದ್ದರಿಂದ ಕೈ ಬದಲಾಗಬೇಕಾದದ್ದೆಲ್ಲ ರಾಜಿಪತ್ರದ ಪಟ್ಟಿಯಲ್ಲಿ ಸೇರಿರಲಿ.

ಏಳನೆಯ ಹೆಜ್ಜೆ: ಮನೆ, ಸಾಲ, ಬಾಡಿಗೆ, ವಿಮೆ

ಜಂಟಿ ಮನೆಯ ಪಾಲು ಕ್ರಯಪತ್ರದಲ್ಲಿ ನಿಗದಿಯಾಗಿದ್ದರೆ ಪ್ರತಿಯೊಬ್ಬರಿಗೂ ಅವರವರ ಪಾಲಿನಷ್ಟೇ ತೆರಿಗೆ. ಗೃಹಸಾಲದ ಬಡ್ಡಿಯ ಕಡಿತಕ್ಕೆ ಮಾಲೀಕತ್ವ, ಸಾಲದಲ್ಲಿ ಹೆಸರು, ನಿಜವಾದ ಪಾವತಿ ಮೂರೂ ಇರಬೇಕು. ಸ್ವಂತ ವಾಸದ ಮನೆಗೆ ಒಬ್ಬೊಬ್ಬರಿಗೆ 2 ಲಕ್ಷದವರೆಗೆ ಹಳೆಯ ಪದ್ಧತಿಯಲ್ಲಿ ಮಾತ್ರ ಇದು ಸಿಗುತ್ತದೆ. ಗಂಡ ಮನೆ ಬಿಟ್ಟು ಹೋಗಿ ಕಂತನ್ನು ಒಬ್ಬನೇ ಕಟ್ಟುತ್ತಿದ್ದರೆ, ಕಂತು ಕಟ್ಟದ ಹೆಂಡತಿ ತನ್ನ ಪಾಲಿನ ಬಡ್ಡಿಯನ್ನು ಹಿಂದಿನಂತೆಯೇ ಕಳೆಯುತ್ತಾ ಹೋಗಬಾರದು. ಮನೆ ಬಿಟ್ಟವರು ತಾವು ಅಲ್ಲಿ ವಾಸವಿಲ್ಲವೆಂದು ಹೆದರಬೇಕಿಲ್ಲ: ಮಾಲೀಕರು ಯಾವುದೇ ಕಾರಣದಿಂದ ವಾಸಿಸಲು ಆಗದಿದ್ದರೂ ಎರಡು ಮನೆಗಳವರೆಗೆ ವಾರ್ಷಿಕ ಮೌಲ್ಯವನ್ನು (ಬಾಡಿಗೆಗೆ ಕೊಟ್ಟರೆ ಬರಬಹುದಾದ ಆದಾಯ) ಶೂನ್ಯವೆಂದು ತೋರಿಸಲು 2025ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಹೊಸದಾಗಿ ಬಾಡಿಗೆ ಮನೆ ಹಿಡಿದಿದ್ದರೆ ಕರಾರು ನಿಮ್ಮ ಹೆಸರಿನಲ್ಲಿರಲಿ. ಹಳೆಯ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ವಿನಾಯಿತಿಗೆ, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಬೇಕು. ಸಂಗಾತಿಯ ಆರೋಗ್ಯ ವಿಮೆಯ ಕಂತನ್ನು ಅದೇ ಪದ್ಧತಿಯಲ್ಲಿ ಸೆಕ್ಷನ್ 80ಡಿ ಅಡಿ ಕಳೆಯಲು ಡಿಕ್ರಿಯವರೆಗೂ ಅಡ್ಡಿಯಿಲ್ಲ.

ಎಂಟನೆಯ ಹೆಜ್ಜೆ: ಪದ್ಧತಿ, ಫಾರ್ಮ್, ಸಲ್ಲಿಕೆ

ಹಳೆಯ ಪದ್ಧತಿಯೋ ಹೊಸದೋ ಎಂಬ ಆಯ್ಕೆ ಇಬ್ಬರಿಗೂ ಪ್ರತ್ಯೇಕ. ಸಂಗಾತಿ ಯಾವುದನ್ನು ಆರಿಸಿದರು ಎಂಬುದು ನಿಮಗೆ ಬೇಕಿಲ್ಲ. ಒಟ್ಟಿಗಿದ್ದಾಗ ಗೃಹಸಾಲ, ವಿಮೆ, ಶುಲ್ಕಗಳಿಂದಾಗಿ ಹಳೆಯ ಪದ್ಧತಿ ಲಾಭವಾಗಿದ್ದವರಿಗೆ ಬೇರೆಯಾದ ಮೇಲೆ ಆ ಖರ್ಚುಗಳು ಇನ್ನೊಬ್ಬರ ಪಾಲಿಗೆ ಹೋಗಿರುವುದರಿಂದ ಲೆಕ್ಕವೇ ತಲೆಕೆಳಗಾಗಿರಬಹುದು. ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿ.

ಸಂಗಾತಿಯ ಅಥವಾ ಮಗುವಿನ ಆದಾಯವನ್ನು ಸೇರಿಸಬೇಕಾಗಿದ್ದು, ವ್ಯಾಪಾರ-ವೃತ್ತಿಯ ಆದಾಯವಿಲ್ಲದಿದ್ದರೆ ಐಟಿಆರ್-2 ಎಂಬ ರಿಟರ್ನ್ಸ್ ಫಾರ್ಮ್ ಬಳಸುವುದು ಒಳ್ಳೆಯದು. ಅದರ ಷೆಡ್ಯೂಲ್ ಎಸ್‌ಪಿಐ ಎಂಬ ಭಾಗದಲ್ಲಿ ಯಾರ ಆದಾಯ, ಸಂಬಂಧವೇನು, ಎಷ್ಟು ಮೊತ್ತ ಎಂದು ಬಿಡಿಸಿ ಬರೆಯಬಹುದು. ಮುಂದೆ ಪ್ರಶ್ನೆ ಬಂದಾಗ ಅದೇ ನಿಮ್ಮ ಉತ್ತರ. ಐಟಿಆರ್-2ರಲ್ಲಿ ಪೋರ್ಚುಗೀಸ್ ನಾಗರಿಕ ಸಂಹಿತೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಬರುತ್ತದೆ. ಅದು ಗೋವಾ ಮೂಲದ ಕಾನೂನಿಗೆ ಒಳಪಟ್ಟ ದಂಪತಿಗಳಿಗೆ. ಅವರಲ್ಲಿ ಸಂಬಳ ಬಿಟ್ಟು ಉಳಿದ ಆದಾಯ ಇಬ್ಬರಿಗೂ ಸಮಪಾಲು.

ಸಂಬಳದವರಿಗೆ ಮಾಮೂಲಿ ಕೊನೆಯ ದಿನಾಂಕ ಜುಲೈ 31. ಸರ್ಕಾರ ಕೆಲವೊಮ್ಮೆ ವಿಸ್ತರಿಸುತ್ತದೆ, 2025ರಲ್ಲಿ ಅದು ಸೆಪ್ಟೆಂಬರ್ 16ರವರೆಗೆ ಹೋಗಿತ್ತು. ಅದನ್ನು ನಂಬಿ ಕೂರಬೇಡಿ. ತಡವಾದರೆ ಡಿಸೆಂಬರ್ 31ರವರೆಗೆ 5,000 ರೂಪಾಯಿವರೆಗಿನ ಶುಲ್ಕದೊಂದಿಗೆ ಸಲ್ಲಿಸಬಹುದು. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ ಶುಲ್ಕ 1,000. ಸಲ್ಲಿಸಿದ 30 ದಿನಗಳೊಳಗೆ ದೃಢೀಕರಿಸದಿದ್ದರೆ ಸಲ್ಲಿಸಿದ್ದು ಸಕಾಲದಲ್ಲಿ ಸಲ್ಲಿಸಿದಂತಾಗುವುದಿಲ್ಲ. ಇನ್ನೊಬ್ಬರಿಂದ ಬರಬೇಕಾದ ಅಂಕಿಗಾಗಿ ಕಾಯುತ್ತಾ ದಿನ ಮೀರಿಸುವುದಕ್ಕಿಂತ, ಇರುವ ದಾಖಲೆಯ ಮೇಲೆ ಸಲ್ಲಿಸಿ, ನಂತರ ಪರಿಷ್ಕರಿಸುವುದು ಮೇಲು.

ನ್ಯಾಯಾಲಯಕ್ಕೂ ಇದೇ ರಿಟರ್ನ್ಸ್ ಹೋಗುತ್ತದೆ

ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ನೀಡಿದ ತೀರ್ಪಿನ ನಂತರ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವುಳ್ಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ರಿಟರ್ನ್ಸ್‌ನಲ್ಲಿ ಒಂದು ಅಂಕಿ, ಪ್ರಮಾಣಪತ್ರದಲ್ಲಿ ಇನ್ನೊಂದು ಅಂಕಿ ಇದ್ದರೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ. ಕ್ಲಬ್ಬಿಂಗ್‌ನಿಂದಾಗಿ ನಿಮ್ಮ ರಿಟರ್ನ್ಸ್‌ನಲ್ಲಿ ನಿಮ್ಮ ಕೈಗೇ ಬಾರದ ಆದಾಯ ಸೇರಿದ್ದರೆ ಅದನ್ನು ಪ್ರಮಾಣಪತ್ರದಲ್ಲಿ ಬಿಡಿಸಿ ಹೇಳಬೇಕು. ಇಲ್ಲವಾದರೆ ಆ ಮೊತ್ತವನ್ನೂ ಹಿಡಿದು ಜೀವನಾಂಶ ನಿಗದಿಯಾಗುವ ಅಪಾಯವಿದೆ. ಹಾಗಾಗಿ ರಿಟರ್ನ್ಸ್ ಸಲ್ಲಿಸುವ ಮುನ್ನ ಅದರ ಕರಡನ್ನು ನಿಮ್ಮ ವಕೀಲರಿಗೆ, ಪ್ರಮಾಣಪತ್ರದ ಕರಡನ್ನು ನಿಮ್ಮ ಆಡಿಟರ್‌ಗೆ ತೋರಿಸಿ.

ಡಿಕ್ರಿ ಬಂದ ವರ್ಷ

ಆ ವರ್ಷದ ಕ್ಲಬ್ಬಿಂಗ್ ಲೆಕ್ಕವನ್ನು ದಿನಾಂಕ ಹಿಡಿದು ಎರಡಾಗಿ ಸೀಳಬೇಕು. ಮೇಲಿನ ಉದಾಹರಣೆಯ ದಂಪತಿಗೆ 2025ರ ನವೆಂಬರ್ 20ರಂದು ಡಿಕ್ರಿ ಬಂದಿದ್ದರೆ, ಏಪ್ರಿಲ್ 1ರಿಂದ ಆ ದಿನದವರೆಗೆ ಹುಟ್ಟಿದ ಬಡ್ಡಿ ಗಂಡನ ಲೆಕ್ಕಕ್ಕೆ, ಅಲ್ಲಿಂದ ಮಾರ್ಚ್ 31ರವರೆಗಿನದು ಹೆಂಡತಿಯ ಲೆಕ್ಕಕ್ಕೆ. ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ ಇಡೀ ವರ್ಷದ ಮೊತ್ತ ಒಂದೇ ಸಾಲಿನಲ್ಲಿರುವುದರಿಂದ, ಡಿಕ್ರಿಯ ದಿನದವರೆಗೆ ಸಂದ ಬಡ್ಡಿಯ ವಿವರವನ್ನು ಶಾಖೆಯಲ್ಲಿ ಪ್ರತ್ಯೇಕವಾಗಿ ಕೇಳಿ ಪಡೆದು, ಡಿಕ್ರಿಯ ದೃಢೀಕೃತ ಪ್ರತಿಯ ಜೊತೆ ಇಟ್ಟುಕೊಳ್ಳಿ. ಅದೇ ವಾರ ಠೇವಣಿ, ಡಿಮ್ಯಾಟ್, ಪಿಎಫ್ ಮತ್ತು ವಿಮೆಗಳ ನಾಮಿನಿ ಹೆಸರುಗಳನ್ನೂ ಬದಲಿಸಿ.